ಬೆಡಗು ಯಾರ ಸೊತ್ತು?

(ಕನ್ನಡ ತರುಣ ತರುಣಿಯರ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ನಾನು ನಾಮಫಲಕದ ಬಗ್ಗೆ ಮಾತಾಡುವುದಿಲ್ಲ, ನದಿ ನೀರಿನ ಬಗ್ಗೆಯೂ ಮಾತಾಡುವುದಿಲ್ಲ. ಒಂದೇ ಒಂದು ಶಬ್ದ ಹಿಡಿದುಕೊಂಡು ಬಂದಿದ್ದೇನೆ. ಬೆಡಗು.

ಕಾರಣ ಇದೆ. ಹಿಂದೊಮ್ಮೆ ಇಂಥದೇ ಸಭೆಯಲ್ಲಿ, ಹಳೆಯ ಪದಗಳನ್ನು ಮತ್ತೆ ಬಳಕೆಗೆ ತನ್ನಿ ಎಂದು ಗಂಟಲು ಹರಿಯುವಂತೆ ಕೂಗಿದ್ದೆ. ಚಾರ್ಮ್ ಯಾಕೆ, ಗ್ಲಾಮರ್ ಯಾಕೆ, ಬೆಡಗು ಅನ್ನಲು ನಿಮಗೇನು ಧಾಡಿ ಎಂದೆ. ಚಪ್ಪಾಳೆ ಬಿತ್ತು. ಆಗ ಹಿಂದಿನ ಸಾಲಿನಿಂದ ಒಬ್ಬಳು ವಿದ್ಯಾರ್ಥಿನಿ ಎದ್ದು ನಿಂತಳು. "ಸಾರ್, ಬಸ್ ಸ್ಟಾಪಿನಲ್ಲಿ ಪೋಲಿ ಹುಡುಗರು ನಮ್ಮನ್ನು ಕೂಗೋದೇ ಆ ಪದದಿಂದ. ಏನು ಬೆಡಗಿ, ಎಲ್ಲಿಗೆ ಹೊರಟೆ ಅಂತ. ಅದು ಸತ್ತರೆ ನಮಗೇನೂ ನಷ್ಟ ಇಲ್ಲ" ಎಂದಳು. ಸಭೆ ನಕ್ಕಿತು. ನಾನೂ ನಕ್ಕೆ. ನಕ್ಕಿದ್ದು ಯಾಕೆಂದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ತಂಗಿಯದು ತಪ್ಪಲ್ಲ. ನಮ್ಮ ಪತ್ರಿಕೆಗಳ ಸಿನಿಮಾ ಪುಟ ತೆರೆದು ನೋಡಿ. ಬಾಲಿವುಡ್ ಬೆಡಗಿ, ಕರಾವಳಿ ಬೆಡಗಿ, ಬಳುಕುವ ಬೆಡಗಿ! ನಟಿಯ ಫೋಟೋ ಕೆಳಗೆ ಜಾಗ ತುಂಬಿಸಲು ಇರುವ ಪದ ಅದು ಎಂದೇ ನೀವು ಕಲಿತಿದ್ದೀರಿ. ಕಲಿಸಿದವರು ನಾವು, ಕನ್ನಡ ಬರೆಯುವವರು. ಇಂಗ್ಲಿಷಿನವರು ಬಂದು ಕೆಡಿಸಿದ್ದಲ್ಲ ಇದು.

ಆ ರಾತ್ರಿ ಮನೆಗೆ ಹೋಗಿ ಪುಸ್ತಕ ತೆಗೆದೆ. ನನಗೆ ಮೊದಲು ಸಿಕ್ಕಿದ್ದು ಹೆಣ್ಣಲ್ಲ, ಕತ್ತಿ ಹಿಡಿದ ಗಂಡಸು!

ಹಳಗನ್ನಡದಲ್ಲಿ ಈ ಪದದ ರೂಪ ಬೆಡಂಗು. ಅದು ಉಳ್ಳವನು ಬೆಡಂಗ. ಕಲ್ಯಾಣ ಚಾಲುಕ್ಯರ ತೈಲಪನ ಮಗ ಸತ್ಯಾಶ್ರಯ, 997ರಲ್ಲಿ ಪಟ್ಟಕ್ಕೆ ಬಂದವನು, ಅವನ ಬಿರುದು ಏನು ಗೊತ್ತೆ? ಇರಿವಬೆಡಂಗ! ಇರಿಯುವುದರಲ್ಲಿ ಬೆಡಗುಳ್ಳವನು. ರನ್ನ ತನ್ನ ಗದಾಯುದ್ಧದಲ್ಲಿ ಭೀಮನಿಗೆ ಹೋಲಿಸಿ ಹೊಗಳಿದ್ದು ಇದೇ ದೊರೆಯನ್ನು. ಸಾಹಸಭೀಮವಿಜಯ ಎಂಬುದು ಆ ಕಾವ್ಯದ ಇನ್ನೊಂದು ಹೆಸರು. ಅಂದಿನ ರಾಜ ತನ್ನನ್ನು ಚೆಲುವ ಎಂದು ಕರೆಸಿಕೊಳ್ಳಲು ಈ ಬಿರುದು ಧರಿಸಲಿಲ್ಲ. ಕತ್ತಿ ಬೀಸುವ ಕೈಯಲ್ಲಿ ಒಂದು ವರಸೆ ಇತ್ತು, ನೋಡಿದವರು ದಂಗಾಗುವಂಥ ಕುಶಲತೆ ಇತ್ತು. ಅದು ಬೆಡಗು.

ಇನ್ನೊಬ್ಬನಿದ್ದಾನೆ. ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ಕನೆಯ ಇಂದ್ರ, 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟವನು. ಅಲ್ಲಿನ ಶಾಸನ ಅವನನ್ನು ಯುದ್ಧಕ್ಕಷ್ಟೇ ಹೊಗಳುವುದಿಲ್ಲ. ಕುದುರೆಯೇರಿ ಆಡುವ ಚೆಂಡಿನಾಟದಲ್ಲಿ ಅವನ ಕೈಚಳಕವನ್ನು ಸಾಲು ಸಾಲಾಗಿ ವರ್ಣಿಸುತ್ತದೆ. ಅವನ ಬಿರುದುಗಳಲ್ಲೂ ಒಂದು ಬೆಡಂಗ ಎಂದೇ ಮುಗಿಯುತ್ತದೆ. ಕ್ರಿಕೆಟ್ ನೋಡುವ ಗೆಳೆಯರೇ, ಒಬ್ಬ ಸ್ಪಿನ್ನರ್ ಬ್ಯಾಟ್ಸ್‌ಮನ್ನನ್ನು ಮುಂದಕ್ಕೆ ಎಳೆದು ಮೋಸ ಮಾಡುವುದನ್ನು ನೀವು ಏನೆನ್ನುತ್ತೀರಿ? 'ಕ್ಲಾಸ್' ಅನ್ನುತ್ತೀರಿ. ಸಾವಿರ ವರ್ಷದ ಹಿಂದೆ ಕಲ್ಲಿನ ಮೇಲೆ ಅದಕ್ಕೊಂದು ಕನ್ನಡದ ಮಾತು ಕೊರೆದಿಟ್ಟಿದ್ದಾರೆ.

ಚೆಲುವು ಬೇರೆ, ಬೆಡಗು ಬೇರೆ. ಚೆಲುವು ಕೂತಲ್ಲೇ ಕೂತಿರಬಹುದು, ಬಾಗಿಲಿಗೆ ಬಿಡಿಸಿದ ರಂಗೋಲಿಯ ಹಾಗೆ. ಬೆಡಗು ಮಾತ್ರ ಏನನ್ನಾದರೂ ಮಾಡುವಾಗ ಕಾಣುತ್ತದೆ. ರಂಗೋಲಿ ಎಳೆಯುವ ಬೆರಳಿನಲ್ಲಿರುತ್ತದೆ. ಇದು ನನ್ನ ಲೆಕ್ಕ, ಪಂಡಿತರು ಒಪ್ಪದಿದ್ದರೆ ಜಗಳಕ್ಕೆ ಬರಲಿ.

ಈಗ ಹನ್ನೆರಡನೆಯ ಶತಮಾನಕ್ಕೆ ಬನ್ನಿ. ಅಲ್ಲಮಪ್ರಭುವಿನ ಹಲವು ವಚನಗಳಿಗೆ ಬೆಡಗಿನ ವಚನ ಎಂಬ ಹೆಸರಿದೆ. ಪಠ್ಯದಲ್ಲಿ ಓದಿ ತಲೆ ಕೆರೆದುಕೊಂಡಿರುತ್ತೀರಿ. ಹೊರಗಿನಿಂದ ಒಗಟು, ಒಳಗಡೆ ಅನುಭಾವ. ಇಲ್ಲಿ ಬೆಡಗು ಅಂದರೆ ಗೂಢ, ಸುಲಭಕ್ಕೆ ಕೈಗೆ ಸಿಕ್ಕದ್ದು. ಮುಂದೆ ಅವಕ್ಕೆ ಟೀಕೆ ಬರೆದು ಅರ್ಥ ಬಿಡಿಸುವುದೇ ಒಂದು ದೊಡ್ಡ ಕೆಲಸವಾಯಿತು. ಕನಕದಾಸರ ಮುಂಡಿಗೆಗಳೂ ಇದೇ ಜಾತಿಯವು. ಸೆಳೆಯುವುದು, ಆದರೆ ಸಿಕ್ಕದಿರುವುದು: ಈ ಎರಡೂ ಗುಣ ಒಂದೇ ಪದದೊಳಗೆ ಕೂತವು.

ತಮಾಷೆ ನೋಡಿ. ಹದಿನೈದನೆಯ ಶತಮಾನದಲ್ಲಿ ಚಾಮರಸ ಪ್ರಭುಲಿಂಗಲೀಲೆ ಬರೆದ. ಅದರಲ್ಲಿ ಬನವಸಿಯ ರಾಜಕುಮಾರಿಯಾಗಿ ಹುಟ್ಟಿದ ಮಾಯೆ ಅಲ್ಲಮನನ್ನು ಮರುಳು ಮಾಡಲು ಹೊರಡುತ್ತಾಳೆ. ಅವಳ ರೂಪ, ಕುಣಿತ, ಒನಪು, ಒಯ್ಯಾರ ಯಾವುದೂ ಅವನ ಮುಂದೆ ನಡೆಯುವುದಿಲ್ಲ. ಮೋಹಿನಿಯ ಬೆಡಗು ಸೋಲುತ್ತದೆ. ಆದರೆ ಆ ಬೈರಾಗಿ ಆಡಿದ ಮಾತಿಗೆ ಲೋಕ ಇಟ್ಟ ಹೆಸರು ಯಾವುದು? ಬೆಡಗು!

ಹಾಗಾದರೆ ಈ ಪದ ಬಸ್ ಸ್ಟಾಪಿಗೆ ಬಂದು ಬಿದ್ದದ್ದು ಹೇಗೆ? ಅದರ ಜೋಡಿಯನ್ನು ಕೇಳಿ. ಬೆಡಗು ಬಿನ್ನಾಣ ಎಂದು ಒಟ್ಟಿಗೆ ಹೇಳುತ್ತೇವಲ್ಲ, ಆ ಬಿನ್ನಾಣ ಸಂಸ್ಕೃತದ 'ವಿಜ್ಞಾನ'ದ ತದ್ಭವ. ಹೌದು, ನೀವು ಕಾಲೇಜಿನಲ್ಲಿ ಓದುವ ಅದೇ ವಿಜ್ಞಾನ! ಹಿಂದೆ ಬಿನ್ನಾಣ ಎಂದರೆ ಜಾಣ್ಮೆ, ಕಲೆಗಾರಿಕೆ. ಬಿನ್ನಾಣಿ ಎಂದರೆ ಕುಶಲಿ. ಈಗ ಬಿನ್ನಾಣಗಿತ್ತಿ ಎಂದರೆ? ನಿಮಗೇ ಗೊತ್ತು. ಗಂಡಿನ ಕೈಯಲ್ಲಿದ್ದಾಗ ಕೌಶಲವಾಗಿದ್ದ ಎರಡು ಪದಗಳು ಹೆಣ್ಣಿಗೆ ಅಂಟಿದ ಕೂಡಲೇ ವಯ್ಯಾರವಾದವು, ಆಮೇಲೆ ಬೈಗುಳದ ಪಕ್ಕಕ್ಕೆ ಸರಿದವು. ಭಾಷೆಯ ಮೇಲೆ ಅಭಿಮಾನ ಇರುವವರು ಇದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಪದವನ್ನು ಕೊಂದವರು ಯಾವಾಗಲೂ ಹೊರಗಿನವರೇ ಆಗಿರುವುದಿಲ್ಲ.

ಆದ್ದರಿಂದ ಅಂದು ನಾನು ಹೇಳಿದ್ದು ಅರ್ಧ ತಪ್ಪು. ಚಾರ್ಮ್ ತೆಗೆದು ಆ ಜಾಗಕ್ಕೆ ಬೆಡಗು ಹಾಕಿದರೆ ಬೋರ್ಡು ಬದಲಾಯಿತು, ಅಂಗಡಿ ಅದೇ. ಬಡಗಿಯ ಉಳಿಗೆ ಬೆಡಗಿದೆ ಎನ್ನಿ. ಚೆನ್ನಾಗಿ ವಾದ ಮಾಡುವ ವಕೀಲೆಯ ಮಾತಿನ ಬೆಡಗು ಎನ್ನಿ. ಹತ್ತು ಸಾಲಿನಲ್ಲಿ ಮುಗಿಯುವ ಕೆಲಸವನ್ನು ಮೂರು ಸಾಲಿನಲ್ಲಿ ಮುಗಿಸಿದ ನಿಮ್ಮ ಸಾಫ್ಟ್‌ವೇರ್ ಗೆಳತಿಯ ಪ್ರೋಗ್ರಾಮ್ ನೋಡಿ ಏನು ಬೆಡಗಮ್ಮ ಇದರಲ್ಲಿ ಎನ್ನಿ. ಮೊದಮೊದಲು ನಾಲಿಗೆ ತಡವರಿಸುತ್ತದೆ, ನನಗೂ ತಡವರಿಸಿತು.

ಆ ತಂಗಿ ಇವತ್ತು ಈ ಸಭೆಯಲ್ಲಿ ಇದ್ದಾಳೋ ಇಲ್ಲವೋ. ಇದ್ದರೆ, ಅಮ್ಮಾ, ಅಂದು ನಕ್ಕದ್ದಕ್ಕೆ ಕ್ಷಮಿಸು. ಮುಂದಿನ ಸಲ ಆ ಹುಡುಗ ಕೂಗಿದರೆ ಇರಿವಬೆಡಂಗ ಎಂದರೇನು ಹೇಳೋ ಎಂದು ಕೇಳಿ ನೋಡು.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ, ಹಿಂದಿನ ಸಾಲಿನವರಿಗೆ ಮೊದಲ ಅವಕಾಶ.