ಬೆಟ್ಟದ್ದೋ, ಬಸ್ಸಿನದೋ?

ನಾಗಪುರದ ಸೀತಾಬರ್ಡಿ ಪೇಟೆಯ ರಸ್ತೆಯಂಚಿನಿಂದ ಚಿಟಿಕೆ ಧೂಳು ತಂದು ಕಾಗದದ ಮೇಲೆ ಹರಡಿ, ಕೆಳಗಡೆ ಅಯಸ್ಕಾಂತ ಆಡಿಸಿ ನೋಡಿ. ಕಪ್ಪು ಕಣಗಳು ಮುಳ್ಳುಮುಳ್ಳಾಗಿ ಎದ್ದು ನಿಂತು, ಕಾಂತ ಸರಿದತ್ತ ಸಾಲಾಗಿ ಓಡುತ್ತವೆ. ಎಲ್ಲ ವಾಹನಗಳಿಂದ ಉದುರಿದ ಕಬ್ಬಿಣ ಅಂತೀರಾ? ತಾಳಿ. ಊರಾಚೆಯ ಹೊಲದ ಕರಿಮಣ್ಣೂ ಇದೇ ಆಟ ಆಡುತ್ತದೆ!

ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ಆರಿ ಬಸಾಲ್ಟ್ ಎಂಬ ಕಪ್ಪು ಕಲ್ಲಾಯಿತು. ಸೀತಾಬರ್ಡಿ ಗುಡ್ಡದ್ದೂ ಅದೇ ಕಲ್ಲು. ನಮ್ಮ ವಿಜಯಪುರ, ಕಲಬುರಗಿಯ ಎರೆಹೊಲಗಳೂ ಅದು ಸವೆದು ಆದವೇ. ಅದರಲ್ಲಿ ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್ ಇದೆ. ತಾಮ್ರ, ಕ್ರೋಮಿಯಂ, ನಿಕ್ಕಲ್ ಕೂಡ ಒಂದಿಷ್ಟು ಇವೆ. ಹಾಗಾಗಿ ಧೂಳಿನಲ್ಲಿ ತಾಮ್ರ ಸಿಕ್ಕಿತೆಂದು ಬಸ್ಸಿನ ಮೇಲೆ ತಪ್ಪು ಹೊರಿಸುವಂತಿಲ್ಲ.

ಹಾಗಂತ ಬಸ್ಸು ಸಾಚಾ ಅಲ್ಲ. ಟೈರಿನ ರಬ್ಬರಿಗೆ ಸತುವಿನ ಆಕ್ಸೈಡ್ ಬೆರೆಸಿರುತ್ತಾರೆ, ಟೈರು ಸವೆದಷ್ಟೂ ಅದು ರಸ್ತೆಗೆ. ಎಷ್ಟೋ ಬ್ರೇಕ್ ಪ್ಯಾಡ್‌ಗಳಲ್ಲಿ ತಾಮ್ರವಿದೆ. ಪೆಟ್ರೋಲಿಗೆ ಸೀಸ ಬೆರೆಸುವುದು ನಮ್ಮ ದೇಶದಲ್ಲಿ 2000ದಲ್ಲೇ ನಿಂತಿತು. ಆದರೆ ಎಲೆ, ಸಗಣಿಯ ಹಾಗೆ ಸೀಸ ಕೊಳೆತು ಇಲ್ಲವಾಗುವುದಿಲ್ಲ; ಅಂದು ಹೊಗೆಯ ಜೊತೆ ಬಿದ್ದದ್ದು ಮಣ್ಣಿನ ಕಣಕ್ಕೆ ಅಂಟಿ ಇಂದಿಗೂ ಇರಬಲ್ಲದು. ಹಳೆಯ ಬಣ್ಣದ ಚಕ್ಕೆ, ಒಡೆದ ಬ್ಯಾಟರಿಗಳಿಂದ ಬರುವ ಸೀಸ ಬೇರೆ.

ಸೀಸ, ಸತು, ತಾಮ್ರ ಯಾವುದೂ ಅಯಸ್ಕಾಂತಕ್ಕೆ ಜಗ್ಗುವುದಿಲ್ಲ. 1958ರಿಂದ ನಾಗಪುರದಲ್ಲಿರುವ ‘ನೀರಿ’ಯಂಥ ಪರಿಸರ ಸಂಶೋಧನಾ ಸಂಸ್ಥೆಗಳಿಗೆ ಇವನ್ನು ಅಳೆಯಲು ಬೇರೆ ದಾರಿ ಗೊತ್ತು. ಧೂಳನ್ನು ಜರಡಿ ಹಿಡಿದು, ಆಮ್ಲದಲ್ಲಿ ಕರಗಿಸಿ, ಆ ದ್ರವವನ್ನು ಸಾವಿರಾರು ಡಿಗ್ರಿ ಬಿಸಿಯ ಜ್ವಾಲೆಯಂಥ ಪ್ಲಾಸ್ಮಾದೊಳಗೆ ಸಿಂಪಡಿಸುತ್ತಾರೆ. ಒಂದೊಂದು ಲೋಹವೂ ತನ್ನದೇ ಬೆಳಕು ಸೂಸುತ್ತದೆ. ಬೆಳಕು ಜೋರಾದಷ್ಟೂ ಲೋಹ ಜಾಸ್ತಿ.

ಇನ್ನು ಬೆಟ್ಟದ ಪಾಲು, ಬಸ್ಸಿನ ಪಾಲು ಬಿಡಿಸುವುದು ಹೇಗೆ? ನನಗೆ ಬಹಳ ಇಷ್ಟವಾದ ಉಪಾಯವಿದು. ಅಲ್ಯೂಮಿನಿಯಂ ಮಣ್ಣಿಗೆ ಬಹುಪಾಲು ಕಲ್ಲಿನಿಂದಲೇ ಬರುತ್ತದೆ. ಅದರ ಜೊತೆ ತಾಮ್ರವನ್ನು ತೂಗಿ ನೋಡುತ್ತಾರೆ. ಸಾರಿಗೆ ನೀರು ಹೆಚ್ಚಾದರೆ ಬೇಳೆ, ಉಪ್ಪು ಎರಡೂ ಸಪ್ಪೆಯಾಗುತ್ತವೆ. ಬೇಳೆ ಅಷ್ಟೇ ಇದ್ದು ಉಪ್ಪು ಮಾತ್ರ ಏರಿದ್ದರೆ ಯಾರೋ ಮತ್ತೊಮ್ಮೆ ಹಾಕಿದ್ದಾರೆ. ಹಾಗೆಯೇ ಹೊಲದ ಮಣ್ಣಿನಲ್ಲಿ ಅಲ್ಯೂಮಿನಿಯಂಗೆ ಎಷ್ಟು ತಾಮ್ರವೋ ಅದಕ್ಕಿಂತ ಬೀದಿಯಲ್ಲಿ ಹಲವು ಪಟ್ಟು ಇದ್ದರೆ, ಹೆಚ್ಚಿನದು ಕಲ್ಲಿನದಲ್ಲ.

ಜರಡಿ ಯಾಕೆಂದರೆ, ಕಣ ಸಣ್ಣದಾದಷ್ಟೂ ಅದೇ ತೂಕದ ಧೂಳಿಗೆ ಮೈ ಜಾಸ್ತಿ. ಲೋಹ ಅಂಟಲು ಜಾಗವೂ ಜಾಸ್ತಿ. ಒಣ ಪೊರಕೆಯಲ್ಲಿ ಗುಡಿಸಿದಾಗ ದಪ್ಪ ಮರಳು ಮೂಲೆ ಸೇರುತ್ತದೆ, ಈ ನುಣುಪು ಪುಡಿ ಗಾಳಿಗೇರುತ್ತದೆ. ಅಂಬೆಗಾಲಿಡುವ ಪುಟ್ಟ ತಂಗಿ ನೆಲ ಮುಟ್ಟಿದ ಕೈಯನ್ನೇ ಬಾಯಿಗಿಡುತ್ತಾಳಲ್ಲ? ಬೆಳೆಯುವ ಮಿದುಳಿಗೆ ಸೀಸ ಸ್ವಲ್ಪವಾದರೂ ಕೆಟ್ಟದ್ದೇ. ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಧೂಳು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಮಳೆ ಬಿದ್ದರೆ ಬೀದಿಯ ಪುಡಿ ಚರಂಡಿ ಹಿಡಿದು ನಾಗ್ ನದಿಗೆ, ಅಲ್ಲಿಂದ ಕನ್ಹಾನ್ ನದಿಗೆ ಹೊರಡುತ್ತದೆ. ನೀರು ನಿಧಾನವಾದಲ್ಲೆಲ್ಲ ಹೂಳಾಗಿ ಕೂರುತ್ತದೆ. ಅದಕ್ಕೇ ಬೀದಿಯ ಲೋಹ ಅಳೆಯುವವರು ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಧೂಳು ತೆಗೆಯುವುದುಂಟು. ಕಡಿಮೆಯಾಗಿ ಕಂಡದ್ದನ್ನು ನದಿಯ ತಳದಲ್ಲಿ ಹುಡುಕುತ್ತಾರೆ.