ನಿಂತ ಚಿತ್ರದ ಮುಂದೆ



ಜಪಾನಿನ ಅನಿಮೆ ಸರಣಿಗಳನ್ನೂ ಸಿನಿಮಾಗಳನ್ನೂ ಹೊಸ ನೋಡುಗರಿಗೆ ಪರಿಚಯಿಸುವ ವಿಮರ್ಶೆ ಹೇಗಿರಬೇಕು ಎಂದು ಈ ದತ್ತಿ ಉಪನ್ಯಾಸಕ್ಕೆ ವಿಷಯ ಕೊಟ್ಟಿದ್ದೀರಿ. ನಾನೇ ಮಾಡಿದ ಒಂದು ತಪ್ಪಿನಿಂದ ಶುರುಮಾಡುತ್ತೇನೆ.

ವರ್ಷಗಳ ಹಿಂದೆ ಬರೆದ ಪುಟ್ಟ ಟಿಪ್ಪಣಿಯೊಂದರಲ್ಲಿ ‘ಮೈ ನೇಬರ್ ತೊತೊರೊ’, ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಎರಡನ್ನೂ ಒಂದೇ ಉಸಿರಿನಲ್ಲಿ ಹೊಗಳಿದ್ದೆ. ಅಕ್ಕ ಅದನ್ನು ಓದಿ, ಏಳು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡನೆಯದನ್ನು ಹಾಕಿದಳು. ರಾತ್ರಿ ಫೋನ್ ಬಂತು. “ಮಗು ಊಟ ಮಾಡ್ತಿಲ್ಲ. ಆ ಪುಟ್ಟ ಹುಡುಗಿಗೆ ಯಾಕೆ ಯಾರೂ ಊಟ ಕೊಡ್ಲಿಲ್ಲ ಅಂತ ಕೇಳ್ತಿದಾಳೆ. ನಾನೇನು ಹೇಳ್ಲಿ? ಮೊದಲೇ ಒಂದು ಮಾತು ಬರೀಬಾರ್ದಿತ್ತೇನೋ?”

ಬರೆಯಬೇಕಿತ್ತು. ಕೈಯಲ್ಲಿ ಬಿಡಿಸಿದ್ದೆಲ್ಲ ಮಕ್ಕಳದ್ದು ಎಂಬ ಲೆಕ್ಕ ನಮ್ಮ ಮನೆಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಅದನ್ನು ಬಲ್ಲವನೇ ಎಚ್ಚರಿಸದೆ ಹೋದರೆ ಇನ್ಯಾರು ಎಚ್ಚರಿಸಬೇಕು? ಈ ಎರಡು ಸಿನಿಮಾಗಳು ಜಪಾನಿನಲ್ಲಿ ತೆರೆಕಂಡದ್ದೇ ಜೋಡಿಯಾಗಿ, 1988ರ ಏಪ್ರಿಲ್ 16ರಂದು. ಎರಡೂ ಸ್ಟುಡಿಯೊ ಘಿಬ್ಲಿಯವು. ಹಯಾವೊ ಮಿಯಾಜಾಕಿಯವರ ‘ತೊತೊರೊ’ದಲ್ಲಿ ಹಳ್ಳಿಗೆ ಬಂದ ಇಬ್ಬರು ಅಕ್ಕತಂಗಿಯರಿಗೆ ಕಾಡಿನ ದೈತ್ಯನೊಬ್ಬ ಸಿಗುತ್ತಾನೆ. ಇಸಾವೊ ತಕಾಹಾತಾ ಅವರ ಇನ್ನೊಂದರಲ್ಲಿ 1945ರ ಕೊಬೆ ನಗರದ ಮೇಲೆ ಬೆಂಕಿಬಾಂಬು ಸುರಿಯುತ್ತದೆ. ತಾಯಿಯನ್ನು ಕಳೆದುಕೊಂಡ ಅಣ್ಣ ಸೆಯ್ತಾ, ತಂಗಿ ಸೆತ್ಸುಕೊ ಹಸಿವಿನಲ್ಲಿ ಕರಗಿಹೋಗುತ್ತಾರೆ. ಅಕಿಯುಕಿ ನೊಸಾಕಾ 1967ರಲ್ಲಿ ಬರೆದ ಕಥೆ ಅದು. ಯುದ್ಧಕಾಲದಲ್ಲಿ ತಮ್ಮ ಪುಟ್ಟ ತಂಗಿಯನ್ನು ಕಳೆದುಕೊಂಡವರು ಅವರು.

ಯಾವ ವಯಸ್ಸಿನವರಿಗೆ ಎಂದು ಹೇಳುವುದು ವಿಮರ್ಶಕನ ಮೊದಲ ಕೆಲಸ. ಎರಡನೆಯದು ಚಿತ್ರದ ಚಲನೆಯನ್ನು ನೋಡಲು ಕಲಿಸುವುದು; ಅದೇ ನನ್ನ ಇವತ್ತಿನ ಮಾತು. ನಾವು ಬರೆಯುವ ವಿಮರ್ಶೆಗಳಲ್ಲಿ ಮುಕ್ಕಾಲು ಪಾಲು ಕಥಾಸಾರವೇ ಇರುತ್ತದೆ. ಆದರೆ ಅನಿಮೆಯ ಜೀವ ಇರುವುದು ಚಿತ್ರ ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ. ಅದರಲ್ಲೂ ನಿಲ್ಲುವುದರಲ್ಲಿ.

‘ತೊತೊರೊ’ದ ಬಸ್‌ಸ್ಟಾಪಿನ ದೃಶ್ಯ ತೆಗೆದುಕೊಳ್ಳಿ. ಸಂಜೆ, ಜಿಟಿಜಿಟಿ ಮಳೆ. ಅಪ್ಪ ಕೊಡೆ ಮರೆತು ಹೋಗಿದ್ದಾನೆಂದು ಅಕ್ಕ ಸತ್ಸುಕಿ, ತಂಗಿ ಮೆಯ್ ಕೊಡೆ ಹಿಡಿದು ಕಾಯುತ್ತಿದ್ದಾರೆ. ಒಂದು ಬಸ್ಸು ಬರುತ್ತದೆ, ಅಪ್ಪ ಇಳಿಯುವುದಿಲ್ಲ. ಕತ್ತಲಾಗುತ್ತದೆ. ತೂಕಡಿಸುವ ತಂಗಿಯನ್ನು ಅಕ್ಕ ಬೆನ್ನಿಗೆ ಹಾಕಿಕೊಳ್ಳುತ್ತಾಳೆ. ಕಪ್ಪೆಯೊಂದು ನಿಧಾನ ಹೆಜ್ಜೆಯಿಡುತ್ತ ಹೋಗುತ್ತದೆ. ಆಮೇಲೆ ಪಕ್ಕದಲ್ಲಿ ಯಾರೋ ಬಂದು ನಿಂತ ಹಾಗೆ. ಕೊಡೆಯ ಅಂಚಿನ ಕೆಳಗಿಂದ ಅವಳಿಗೆ ಮೊದಲು ಕಾಣುವುದು ಉಗುರುಳ್ಳ ದೊಡ್ಡ ಪಾದ. ತಲೆಯ ಮೇಲೊಂದು ಎಲೆಯಿಟ್ಟುಕೊಂಡು ನಿಂತ ತೊತೊರೊ. ಅವಳು ಅಪ್ಪನ ಕೊಡೆಯನ್ನು ಅವನಿಗೆ ಕೊಡುತ್ತಾಳೆ. ಮರದಿಂದ ಒಂದು ದಪ್ಪ ಹನಿ ಕೊಡೆಯ ಮೇಲೆ ‘ಟಪ್’ ಎನ್ನುತ್ತದೆ. ಅವನ ಕಣ್ಣು ಅರಳುತ್ತದೆ. ಇನ್ನೊಂದು ಹನಿ. ಕೊನೆಗೆ ಖುಷಿ ತಡೆಯಲಾರದೆ ಅವನು ನೆಗೆದು ನೆಲಕ್ಕಪ್ಪಳಿಸಿದರೆ ಮರಗಳೆಲ್ಲ ಒಮ್ಮೆಲೇ ನೀರು ಸುರಿಸುತ್ತವೆ.

ಇದರ ಕಥಾಸಾರ ಬರೆಯಿರಿ: ಹುಡುಗಿ ಬಸ್ಸಿಗೆ ಕಾದಳು, ದೈತ್ಯ ಬಂದ, ಕೊಡೆ ಕೊಟ್ಟಳು. ಉಳಿದದ್ದೆಲ್ಲ ಎಲ್ಲಿ ಹೋಯಿತು? ಹನಿ ಮತ್ತು ಹನಿಯ ನಡುವೆ ಇತ್ತು. ಮಿಯಾಜಾಕಿ 2002ರಲ್ಲಿ ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಅವರೆದುರು ಕೆಲವು ಸಲ ಚಪ್ಪಾಳೆ ತಟ್ಟಿ, ಆ ಚಪ್ಪಾಳೆಗಳ ನಡುವಿನ ಹೊತ್ತೇ ಜಪಾನಿ ಭಾಷೆಯ ‘ಮಾ’ ಎಂದು ವಿವರಿಸಿದ್ದರು. ಕನ್ನಡ ಓದುಗರಿಗೆ ಇದನ್ನು ಪರದೇಶದ ಬೆರಗೆಂಬಂತೆ ಹೇಳಬೇಕಿಲ್ಲ. ತಾಳದ ಎರಡು ಕ್ರಿಯೆಗಳ ನಡುವಿನ ವಿಶ್ರಾಂತಿಯೇ ಲಯ ಎಂದು ನಮ್ಮ ಸಂಗೀತಶಾಸ್ತ್ರ ಬಹಳ ಹಿಂದೆಯೇ ಲಕ್ಷಣ ಹೇಳಿದೆ. ಬೆರಳೆಣಿಸುತ್ತ ಕಛೇರಿ ಕೇಳುವವರಿಗೆ ತೊತೊರೊನ ಮಳೆ ತಾನಾಗಿ ಅರ್ಥವಾಗುತ್ತದೆ.

ಹಾಗೆಂದು ನಿಂತದ್ದೆಲ್ಲ ಲಯವಲ್ಲ. ಅನಿಮೆಯಲ್ಲಿ ಚಿತ್ರ ನಿಂತದ್ದು ಮೊದಲಿಗೆ ದುಡ್ಡಿಲ್ಲದೆ, ಹೊತ್ತಿಲ್ಲದೆ. 1963ರ ಜನವರಿ 1ರಂದು ಒಸಾಮು ತೆಜುಕಾ ಅವರ ‘ಆಸ್ಟ್ರೊ ಬಾಯ್’ ಟಿವಿಯಲ್ಲಿ ಆರಂಭವಾಯಿತು. ವಾರಕ್ಕೊಂದು ಅರ್ಧ ಗಂಟೆಯ ಕಂತು, ಅದೂ ಕಡಿಮೆ ಬೆಲೆಗೆ. ಸೆಕೆಂಡಿಗೆ 24 ಫ್ರೇಮು ಓಡಬೇಕು. ಒಂದೇ ಚಿತ್ರವನ್ನು ಮೂರು ಫ್ರೇಮು ಹಿಡಿದು ನಿಲ್ಲಿಸಿದರೆ 8 ಚಿತ್ರ ಸಾಕು. ಮುಖ ನಿಲ್ಲಿಸಿ ಬಾಯಿ ಮಾತ್ರ ಆಡಿಸಬಹುದು, ಹಳೆಯ ಚಿತ್ರಗಳನ್ನು ಮತ್ತೆ ಬಳಸಬಹುದು. ಮುಂದಿನ ಟಿವಿ ಸರಣಿಗಳು ಬಹುತೇಕ ಈ ಉಳಿತಾಯದ ಮೇಲೆಯೇ ನಿಂತವು. ತೊಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಹಿಂದಿ ಆಡುತ್ತ ನಮ್ಮ ಮನೆಗಳಿಗೆ ಬಂದ ಮೌಗ್ಲಿಯೂ ಜಪಾನಿನಲ್ಲಿ 1989ರಲ್ಲಿ ತಯಾರಾದವನೇ.

ಉಳಿತಾಯ ಎಲ್ಲಿ ಮುಗಿದು ಅರ್ಥ ಎಲ್ಲಿ ಶುರುವಾಗುತ್ತದೆ ಎಂದು ತೋರಿಸುವುದೇ ಕಷ್ಟದ ಕೆಲಸ. ಹಿದೆಯಾಕಿ ಆನ್ನೊ ಅವರ ‘ನಿಯಾನ್ ಜೆನೆಸಿಸ್ ಇವ್ಯಾಂಜೆಲಿಯನ್’ (1995–96) 26 ಕಂತುಗಳ ಸರಣಿ. ಅದರ 24ನೆಯ ಕಂತಿನಲ್ಲಿ, ತನ್ನನ್ನು ಪ್ರೀತಿಸಿದ ಗೆಳೆಯನನ್ನು ಹುಡುಗ ಶಿಂಜಿ ತನ್ನ ಯಂತ್ರದೈತ್ಯನ ಮುಷ್ಟಿಯಲ್ಲಿ ಹಿಡಿದಿದ್ದಾನೆ. ಕೊಲ್ಲಲೇಬೇಕು. ಸುಮಾರು ಒಂದು ನಿಮಿಷ ಚಿತ್ರ ಅಲ್ಲಾಡುವುದಿಲ್ಲ; ಬೆಥೊವನ್‌ನ ಒಂಬತ್ತನೆಯ ಸಿಂಫನಿ ಮಾತ್ರ ಮೊಳಗುತ್ತಿರುತ್ತದೆ. ಕೊನೆಯ ಕಂತುಗಳು ಹೊತ್ತಿನ ಒತ್ತಡದಲ್ಲಿ ತಯಾರಾದವು ನಿಜ. ಆದರೂ ಆ ಒಂದು ನಿಮಿಷ ನಾನೇ ಆ ಹುಡುಗನಾಗಿ ಕೂತಿದ್ದೆ. ಬಡತನವನ್ನೇ ಮಾತಾಗಿಸಿಕೊಂಡ ಕಲೆಗಾರಿಕೆ ಅದು ಎಂಬುದು ನನ್ನ ತೀರ್ಮಾನ. ಎಷ್ಟೋ ಸರಣಿಗಳಲ್ಲಿ ಅದೇ ನಿಲುಗಡೆ ಬರೀ ಕಾಲಹರಣ. ಅದನ್ನೂ ಮುಲಾಜಿಲ್ಲದೆ ಬರೆಯಬೇಕು.

ಡಬ್ಬಿಂಗ್ ನೋಡಲೆ, ಸಬ್‌ಟೈಟಲ್ ಓದಲೆ ಎಂದು ಹೊಸಬರು ಕೇಳುತ್ತಾರೆ. ನನ್ನ ಉತ್ತರಕ್ಕೂ ಕಾರಣ ಮೌನವೇ. ಮಿಯಾಜಾಕಿಯವರ ‘ಕಿಕೀಸ್ ಡೆಲಿವರಿ ಸರ್ವಿಸ್’ (1989) ಸಿನಿಮಾದಲ್ಲಿ ಪುಟ್ಟ ಮಾಟಗಾತಿ ಕಿಕಿಗೆ ತನ್ನ ಕರಿಬೆಕ್ಕು ಜಿಜಿಯ ಮಾತು ಅರ್ಥವಾಗುತ್ತಿರುತ್ತದೆ. ನಡುವೆ ಒಂದು ದಿನ ಅದು ಕೇಳದಂತಾಗುತ್ತದೆ. ಕಿಕಿಗೆ ಹಾರುವ ಶಕ್ತಿ ಮರಳಿದರೂ ಬೆಕ್ಕು ‘ಮಿಯಾಂವ್’ ಎಂದಷ್ಟೇ ಅನ್ನುತ್ತದೆ. ಅವಳು ಬೆಳೆದಿದ್ದಾಳೆ. 1998ರ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಬೆಕ್ಕು ಸುಮ್ಮನಿದ್ದ ಎಷ್ಟೋ ಕಡೆ ಮಾತು ತುಂಬಿದರು, ಕೊನೆಯಲ್ಲೂ ಅದರ ಬಾಯಿಗೆ ಮಾತು ಕೊಟ್ಟರು. ಕೊನೆಯಲ್ಲಿ ಒಂದೇ ಒಂದು ಸಾಲು ಸೇರಿಸಿದ್ದಕ್ಕೆ ಅವಳ ಬೆಳವಣಿಗೆಯೇ ಅಳಿಸಿಹೋಯಿತು. ಆದ್ದರಿಂದ ಓದಬಲ್ಲವರು ಮೂಲ ಧ್ವನಿಯಲ್ಲೇ ನೋಡಿ ಎನ್ನುತ್ತೇನೆ.

ಅಕ್ಕನ ಮಗಳು ಈಗ ಪಿಯುಸಿ. ಹೋದ ಬೇಸಿಗೆಯಲ್ಲಿ ಅವಳೇ, “ಮಾಮ, ಆ ಮಿಂಚುಹುಳದ ಸಿನಿಮಾ ಇನ್ನೊಂದ್ಸಲ ನೋಡೋಣ, ನೀನೂ ಕೂತ್ಕೋ” ಎಂದಳು. ಕೂತೆ. ಶಾಲೆಯ ಅಂಗಳದ ದೃಶ್ಯ ಬಂತು. ಅಮ್ಮ ಬದುಕುವುದಿಲ್ಲವೆಂದು ಸೆಯ್ತಾನಿಗೆ ಗೊತ್ತು, ತಂಗಿಗೆ ಹೇಳಿಲ್ಲ. ಅವಳು ಕುಕ್ಕರಗಾಲಿನಲ್ಲಿ ಕೂತು ಅಳುತ್ತಿದ್ದಾಳೆ. ಸಮಾಧಾನ ಹೇಳಲು ಬಾರದ ಹುಡುಗ ಕಂಬಿ ಹಿಡಿದು ಅದರ ಸುತ್ತ ತಿರುಗತೊಡಗುತ್ತಾನೆ. ದೂರದಿಂದ ತೋರಿಸಿದ ಬಯಲು, ತಿರುಗುವುದು ಅವನೊಬ್ಬನೇ. ನನ್ನ ಸೋದರಸೊಸೆ ರಿಮೋಟ್ ತೆಗೆದುಕೊಂಡಳು. ನಿಲ್ಲಿಸುತ್ತಾಳೇನೊ ಅಂದುಕೊಂಡೆ. ಹಿಂದಕ್ಕೆ ಓಡಿಸಿ, ಅದೇ ದೃಶ್ಯವನ್ನು ಮತ್ತೆ ಮೊದಲಿನಿಂದ ಹಾಕಿದಳು.