ಭಯಕ್ಕಿಂತ ಮೊದಲು ಮನುಷ್ಯ



ಥ್ರಿಲ್ಲರ್ ಕಿರುಚಿತ್ರಗಳ ಆರಂಭದ ದೃಶ್ಯಗಳನ್ನು ತೋರಿಸುವುದಕ್ಕೂ ಮುಂಚೆ ಅವುಗಳ ಕಥಾಹಂದರ, ಪಾತ್ರಗಳ ಟಿಪ್ಪಣಿ, ಸ್ಟೋರಿಬೋರ್ಡ್‌ಗಳನ್ನು ತುಮಕೂರು, ಗುಬ್ಬಿ, ಕುಣಿಗಲ್‌ಗಳಿಂದ ಬಂದಿರುವ ವಿದ್ಯಾರ್ಥಿಗಳಾದ ನೀವು ಈ ಪ್ರದರ್ಶನದ ಗೋಡೆಗೆ ಹಾಕಿದ್ದೀರಿ. ಈ ಏರ್ಪಾಡು ನನಗೆ ಬಹಳ ಹಿಡಿಸಿತು.

ಇದು ಗುಬ್ಬಿ ನಾಟಕ ಕಂಪನಿಯ ನೆಲ. 1884ರಲ್ಲಿ ಹುಟ್ಟಿದ ಆ ಕಂಪನಿಯ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ನಿಮ್ಮ ಬಳಿ ಇರುವುದು ಒಂದು ಮೊಬೈಲು, ಎರಡು ನಿಮಿಷ. ಆನೆಯ ಕೆಲಸವನ್ನು ಇಲ್ಲಿ ಪಾತ್ರವೇ ಮಾಡಬೇಕು.

ಪವನ್ ಕುಮಾರ್ ಅವರ ‘ಯೂ ಟರ್ನ್’ (2016) ಚಿತ್ರವನ್ನು ನೆನಪಿಸಿಕೊಳ್ಳಿ. ಬೆಂಗಳೂರಿನ ಮೇಲ್ಸೇತುವೆಯೊಂದರಲ್ಲಿ ಸವಾರರು ವಿಭಜಕದ ಕಲ್ಲು ಸರಿಸಿ ಗಾಡಿ ತಿರುಗಿಸುತ್ತಾರೆ. ನಾವು ದಿನವೂ ಕಂಡು ಸುಮ್ಮನಾಗುವ ತಪ್ಪು ಅದು. ತರಬೇತಿಯಲ್ಲಿರುವ ಪತ್ರಕರ್ತೆ ಅದರ ಬೆನ್ನುಹತ್ತುತ್ತಾಳೆ; ಪೊಲೀಸರ ಅನುಮಾನ ಅವಳ ಮೇಲೇ ಬೀಳುತ್ತದೆ. ಚಾಕು, ಮುಖವಾಡ ಯಾವುದೂ ಬೇಕಾಗಲಿಲ್ಲ.

ಇಂಥ ಕಥೆಯನ್ನು ನಮ್ಮೂರಲ್ಲೇ ಹುಡುಕೋಣ. ಗುಬ್ಬಿಯ ಒಂದು ಅಡಿಕೆ ತೋಟ. ಬೆಳಗ್ಗೆ ಕಾವಲುಗಾರ ಬಂದು ನೋಡಿದರೆ, ನಿನ್ನೆ ಇಟ್ಟ, ಅಡಿಕೆ ಕೊಯ್ಯುವ ದೋಟಿ ಬೇರೊಂದು ಮರಕ್ಕೆ ಒರಗಿದೆ. ಕಳ್ಳರು ಬಂದಿದ್ದರು, ಸರಿ. ಆದರೆ ಅವನು ತೋಟದ ಫಸಲನ್ನು ಗುತ್ತಿಗೆ ಹಿಡಿದ ಚೇಣಿದಾರನಿಗೆ ಹೇಳುವುದಿಲ್ಲ. ದೋಟಿಯನ್ನು ಮೊದಲಿದ್ದ ಜಾಗಕ್ಕೇ ತಂದಿಡುತ್ತಾನೆ. ಯಾಕೆ? ರಾತ್ರಿ ಅವನು ತೋಟದಲ್ಲೇ ಇರಲಿಲ್ಲ. ಎಲ್ಲಿದ್ದ? ಈ ಪ್ರಶ್ನೆ ಹುಟ್ಟಿದ ಗಳಿಗೆಯಲ್ಲಿ ಪ್ರೇಕ್ಷಕ ನಿಮ್ಮವನು. ಕತ್ತಲೆ, ಹಿನ್ನೆಲೆ ಸಂಗೀತ ಆಮೇಲೆ ಸೇರಿದರೂ ಸಾಕು.

ಇದೇ ಕಥೆಯನ್ನು ಕುಣಿಗಲ್‌ನ ಕುದುರೆ ಫಾರಂಗೆ ಹಾಗೇ ಒಯ್ಯಲಾಗದು. ಅಲ್ಲಿ ಲಾಯ ನೋಡಿಕೊಳ್ಳುವವನ ಕಣ್ಣು ಬೇರೆ, ಅವನಿಗಿರುವ ಅಂಜಿಕೆಯೂ ಬೇರೆ. ಕಸುಬು ಬದಲಾದರೆ ಸುಳಿವೂ ಬದಲಾಗಬೇಕು.

ಆದ್ದರಿಂದ ಪಾತ್ರದ ಟಿಪ್ಪಣಿಯಲ್ಲಿ ವಯಸ್ಸು, ಬಟ್ಟೆಯ ಬಣ್ಣಕ್ಕಿಂತ ಮೇಲೆ ಮೂರು ಸಾಲು ಬರೆಯಿರಿ: ಇವನ ಕೆಲಸವೇನು, ಯಾವುದನ್ನು ಬಚ್ಚಿಡುತ್ತಿದ್ದಾನೆ, ಅದು ಬಯಲಾದರೆ ಏನು ಕಳೆದುಕೊಳ್ಳುತ್ತಾನೆ. ಖಳನಿಗೂ ಇದೇ ಮೂರು ಸಾಲು ಬೇಕು. ಆ ಗುಟ್ಟು ಪ್ರೇಕ್ಷಕನಿಗೆ ಯಾವಾಗ ತಿಳಿಯಬೇಕೆಂದು ತೀರ್ಮಾನಿಸಿದ ಮೇಲೇ ಕ್ಯಾಮೆರಾ ಹಿಡಿಯಿರಿ.

ನೋಡಲು ಬಂದವರಲ್ಲಿ ನನ್ನದೊಂದು ಕೋರಿಕೆ. ಪ್ರತಿ ಚಿತ್ರಪಟದ ಮುಂದೆ ನಿಂತು, ‘ಇವರಲ್ಲಿ ಯಾರು ಏನನ್ನು ಮುಚ್ಚಿಡುತ್ತಿದ್ದಾರೆ?’ ಎಂದು ಮಕ್ಕಳನ್ನು ಕೇಳಿ. ಉತ್ತರಿಸಲು ತಡವರಿಸಿದರೆ ಬೇಸರಪಡಬೇಡಿ. ಶೂಟಿಂಗ್‌ಗೆ ಮೊದಲೇ ತಡವರಿಸುವುದು ಅಗ್ಗದ ಪಾಠ.

ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ.